ಒಲೆಗೆ ಬಿದ್ದ ಗ್ರಹ

ಇವತ್ತು ಹೊಸದುರ್ಗದಲ್ಲಿ ತೆಂಗಿನ ಚಿಪ್ಪು ಸುಡುವ ವಾಸನೆ ಬಂದು ನಮ್ಮ ಹಳೆಯ ಬಚ್ಚಲೊಲೆ ನೆನಪಾಯಿತು.

ಆಗ ನನಗೂ ಅಕ್ಕನಿಗೂ ಹಿತ್ತಿಲಿನ ಚಿಪ್ಪುಗಳೆಲ್ಲ ಗ್ರಹಗಳು. ಅವುಗಳನ್ನು ತಿರುಗಿಸುವ ಶಕ್ತಿ ಅರ್ಧ ಮಂತ್ರ, ಅರ್ಧ ವಿಜ್ಞಾನ. ಅದಕ್ಕೆ ಅಕ್ಕ ‘ಮಂತ್ರಾಣು’ ಎಂದು ಹೆಸರಿಟ್ಟಿದ್ದಳು. ಒಂದು ಬೆಳಿಗ್ಗೆ ಅಜ್ಜಿ ನಮ್ಮ ಅತಿ ದೊಡ್ಡ ಗ್ರಹವನ್ನೇ ಒಲೆಗೆ ಹಾಕಲು ಎತ್ತಿಕೊಂಡಳು.

“ಹಾಕಬ್ಯಾಡಜ್ಜಿ, ಅದ್ರಾಗೆ ಮಂತ್ರಾಣು ಐತೆ!” ಎಂದು ಕೂಗಿದೆ.

“ರೋಗಾಣುನಾ? ಹಂಗಾದ್ರೆ ಮೊದ್ಲು ಇದನ್ನೇ ಸುಡ್ಬೇಕು,” ಎಂದು ಅಜ್ಜಿ ಎಸೆದೇಬಿಟ್ಟಳು.

ನಾನು ಗೋಳೋ ಎಂದು ಅತ್ತೆ. ಅಕ್ಕ ಉರಿಯನ್ನು ಬಗ್ಗಿ ನೋಡಿ, “ಅಳಬ್ಯಾಡ ಕಣೇ, ಅದು ಸತ್ತಿಲ್ಲ. ಸೂರ್ಯ ಆಗೈತೆ,” ಎಂದಳು. ಆ ಸೂರ್ಯ ಕಾಯಿಸಿದ ನೀರಿನಲ್ಲೇ ಮಿಂದು ಇಬ್ಬರೂ ಶಾಲೆಗೆ ಹೋದೆವು.

ಈಗ ಹೊಳಲ್ಕೆರೆಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ ವಾಸನೆಯ ಸುದ್ದಿ ಹೇಳಿದೆ.

“ಲೇ, ಇವತ್ಯಾವ ಗ್ರಹ ಸೂರ್ಯ ಆಯ್ತೇ?” ಎಂದಳು.