ಗದ್ವಾಲದಲ್ಲಿ ಕೇಳಿದ ದನಿ

ನನ್ನ ಹೆಂಡತಿಯ ಗಂಟಲಿನ ಆಪರೇಷನ್ನಿಗೆ ರಾಯಚೂರಿನ ಡಾಕ್ಟರು ದಿನ ಗೊತ್ತುಮಾಡಿದರು. ಆಮೇಲೆ ದನಿ ಉಳಿಯುವುದಿಲ್ಲ ಎಂದೂ ಹೇಳಿದರು. ಗಡಿಯಾಚೆಯ ನಮ್ಮೂರು ಮಕ್ತಲ್‌ಗೆ ವಾಪಸು ಬರುವ ಬಸ್ಸಿನಲ್ಲಿ ಅವಳು ಶೇಂಗಾ ಬಿಡಿಸಿ ತಿಂದಳು, ನನಗೂ ಕೊಟ್ಟಳು. ನನಗೆ ಅಳು ಬರಬೇಕಿತ್ತು, ಬರಲಿಲ್ಲ.

ನಾನು ನಾರಾಯಣಪೇಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಬೇರೇನು ಮಾಡಬೇಕೆಂದು ತಿಳಿಯದೆ ಪ್ರೋಗ್ರಾಂ ಬರೆಯಲು ಕೂತೆ. ಫೋನಿನ ಪರದೆಯ ಮೇಲೆ ಬಟನ್‌ಗಳು. ಒತ್ತಿದರೆ ಅವಳ ದನಿಯಲ್ಲೇ ಮಾತು. ಅಡುಗೆಮನೆಯ ಬಾಗಿಲು ಹಾಕಿ ಅವಳ ಮಾತು ರೆಕಾರ್ಡ್ ಮಾಡಿಕೊಂಡೆ. "ನೀರು ಕೊಡ್ರಿ." "ಇಲ್ಲಿ ನೋವೈತಿ." "ಫ್ಯಾನ್ ಹಚ್ರಿ."

"ಸಿಟ್ಟು ಬಂದ್ರ ಏನು ಒತ್ಲಿ?" ಎಂದು ಕೇಳಿದಳು.

"ನೀನೇ ಹೇಳು."

ಫೋನಿನ ಹತ್ತಿರ ಬಾಗಿ, "ಸುಮ್ನ ಕುಂದರ್ರಿ" ಎಂದಳು. ಅದನ್ನೂ ಸೇರಿಸಿದೆ.

ನಾನು ಓದುವಾಗ ಕಲಿತ ಹಳೆಯ ಭಾಷೆಯಲ್ಲಿ ಕಂಪ್ಯೂಟರಿನ ನೆನಪಿನೊಳಗಿನ ಜಾಗವನ್ನು ನಾವೇ ಕೇಳಿ ಪಡೆದು, ಕೆಲಸವಾದ ಮೇಲೆ ನಾವೇ ಹಿಂದಿರುಗಿಸಬೇಕಿತ್ತು. ಈಗ ನಾನು ಬರೆಯುತ್ತಿದ್ದ ಪೈಥಾನ್ ಭಾಷೆ ಹಾಗಲ್ಲ. ಈ ಬಟನ್ ಒತ್ತಿದರೆ ಈ ದನಿ ಹೊರಡಲಿ ಎಂದು ಹೆಚ್ಚುಕಡಿಮೆ ಹಾಗೇ ಬರೆದರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಯಾರ್ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಭಾಗಗಳೂ ಸಿಕ್ಕವು. ಕೆಲಸ ಬೇಗ ಮುಗಿದುಹೋಯಿತು. ಆಪರೇಷನ್ನಿಗೆ ಇನ್ನೂ ದಿನಗಳಿದ್ದವು, ಕೈಗೆ ಬೇರೆ ಕೆಲಸವಿರಲಿಲ್ಲ. ಕಷ್ಟದ ಭಾಷೆಯಲ್ಲೇ ಬರೆಯಬೇಕಿತ್ತು ಅನ್ನಿಸಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವಳು ಒಂದೇ ಸಲ ಬಟನ್ ಒತ್ತಿದಳು. ತನ್ನ ದನಿ ಕೇಳಿದ್ದೇ ಫೋನನ್ನು ಮಂಚದ ಮೇಲೆ ಬೋರಲು ಹಾಕಿದಳು. ಆಮೇಲೆ ಬರೆದು ತೋರಿಸಿದಳು: "ಬ್ಯಾಡ್ರಿ. ಸತ್ತಾಕಿ ಮಾತಾಡಿದಂಗ ಆಗತೈತಿ." ಈಗ ನನ್ನನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಾಳೆ.

ಪ್ರೋಗ್ರಾಂ ಹಾಗೇ ಬಿದ್ದಿತ್ತು. ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ ಎಂದು ಅದನ್ನು ಇಂಟರ್ನೆಟ್ಟಿಗೆ ಹಾಕುವ ಮುಂಚೆ, ನಿನ್ನ ದನಿ ತೆಗೆಯಲೇ ಎಂದು ಕೇಳಿದೆ. "ಇರ್ಲಿ, ಯಾರಿಗರ ಬೇಕಾಗತೈತಿ" ಎಂದು ಬರೆದಳು.

ಕೆಲವು ತಿಂಗಳ ಮೇಲೆ ಪ್ರೋಗ್ರಾಂ ಜೊತೆ ಹಾಕಿದ್ದ ನನ್ನ ನಂಬರಿಗೆ ಗದ್ವಾಲದಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಲಕ್ವಾ ಹೊಡೆದು ಅವರ ತಾಯಿಗೆ ಮಾತು ಹೋಗಿತ್ತು. "ನಿಮ್ಮ ಪ್ರೋಗ್ರಾಂ ಅವ್ವಗ ರೂಢಿ ಆಗೈತ್ರಿ. ಆದ್ರ ನೋಡ್ಕೊಳ್ಳಾಕ ಇಟ್ಟಾಕಿಗೆ ತೆಲುಗು ಬಿಟ್ರ ಬ್ಯಾರೆ ಬರಂಗಿಲ್ಲ."

ಭಾನುವಾರ ಗದ್ವಾಲಕ್ಕೆ ಹೋದೆ. ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಒಳಗಿನ ಕೋಣೆಯಿಂದ ನನ್ನ ಹೆಂಡತಿ "ನೀರು ಕೊಡ್ರಿ" ಎಂದಳು. ಫೋನ್ ಮಾಡಿದ್ದ ಮಗಳು ಎದ್ದು ತಂಬಿಗೆ ಹಿಡಿದು ಒಳಗೆ ಹೋದರು. ಎದೆಯಲ್ಲಿ ಏನಾದರೂ ಆಗುತ್ತದೆಂದು ಕಾದೆ. ಏನೂ ಆಗಲಿಲ್ಲ. ಚಹಾಕ್ಕೆ ಸಕ್ಕರೆ ಜಾಸ್ತಿಯಾಗಿತ್ತು.

"ನಿಮ್ಮ ಮನಿಯವ್ರು ಹ್ಯಾಂಗದಾರ್ರಿ?" ಮಗಳು ಹೊರಗೆ ಬಂದು ಕೇಳಿದರು.

"ಆರಾಮ ಅದಾಳ್ರಿ" ಎಂದೆ.

ಇದ್ದ ದನಿಯ ಜೊತೆಗೆ ಯಾರ ದನಿಯನ್ನಾದರೂ ತುಂಬಿಕೊಳ್ಳುವಂತೆ ಅಲ್ಲೇ ಕೂತು ಕೆಲವು ಸಾಲು ಬದಲಿಸಿದೆ. ಮಗಳು ತೆಲುಗಿನಲ್ಲಿ ಒಂದೊಂದೇ ಮಾತು ಹೇಳಿದರು. ಒಂದು ಮಾತಿನ ಮಧ್ಯೆ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಸುಧಾರಿಸಿಕೊಳ್ಳುವವರೆಗೆ ನಾನು ಪರದೆ ನೋಡುತ್ತಿದ್ದೆ.

ಮನೆಗೆ ಬಂದು, ಗದ್ವಾಲದ ಮುದುಕಿ ನಿನ್ನ ದನಿಯಲ್ಲಿ ಮಾತಾಡುತ್ತಾಳೆ ಎಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸಿ, ಹಿಟ್ಟಿನ ಬೆರಳಿನಿಂದಲೇ ನನ್ನ ಫೋನಿನಲ್ಲಿ ಬರೆದಳು: "ಆಕಿಗಿ ನಡ್ಯಾಕ ಬರ್ತೈತೇನು?"

ಇಲ್ಲ ಎಂದೆ. ಅವಳು "ಹಂಗಾದ್ರ ಆಕಿಗಿ ಬೇಕು, ಇರ್ಲಿ" ಎಂದು ಬರೆದು, ಫೋನ್ ಒರೆಸಿ ಕೊಟ್ಟು ಹಂಚಿನ ಕಡೆ ತಿರುಗಿದಳು. ಮರುದಿನ ತಿದ್ದಿದ ಪ್ರೋಗ್ರಾಂ ಎಲ್ಲರಿಗೂ ಸಿಗುವಂತೆ ಹಾಕಿ ಕಾಲೇಜಿಗೆ ಹೋದೆ.