ಎಂಟಿಲ್ಲದ ಸಂಖ್ಯೆ

ಆಗೆಲ್ಲ ನಮಗೆ ಬೇಸಿಗೆ ರಜೆ ಎಂದರೆ ಸಿಕಂದರಾಬಾದಿನ ಅಜ್ಜನ ಮನೆಯ ಮಾಳಿಗೆ. ಸಂಜೆ ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಚೆಲ್ಲಿದರೆ ಬಿಸಿಬಿಸಿ ಹಸಿ ವಾಸನೆ ಏಳುತ್ತಿತ್ತು. ಕೆಳಗಿನಿಂದ ಚುರಮುರಿಯ ಬೆಳ್ಳುಳ್ಳಿ ಒಗ್ಗರಣೆಯ ಘಮ, ದೂರದಲ್ಲಿ ರೈಲಿನ ಕೂಗು. ಕಲ್ಲು ಆರುವಷ್ಟರಲ್ಲಿ ಮೊಮ್ಮಕ್ಕಳು ಒಂಬತ್ತೂ ಜನ ಮೇಲೆ ಹಾಜರು.

ನಮ್ಮಲ್ಲಿ ಮೂವರಿಗೆ ಅಜ್ಜನ ಹೆಸರನ್ನೇ ಇಟ್ಟಿದ್ದರು. "ವೆಂಕ್ಯಾ" ಎಂದು ಕರೆದರೆ ಮೂವರೂ ಓಡಿ ಬರುವುದು, ಇಲ್ಲವೇ ಮೂವರೂ ಬರದೇ ಇರುವುದು. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನಮ್ಮ ಸೋದರತ್ತೆ ಇದಕ್ಕೆ ಬೇಸತ್ತು, ವಯಸ್ಸಿನ ಪ್ರಕಾರ ಎಲ್ಲರಿಗೂ ಒಂದೊಂದು ಅಂಕಿ ಕೊಟ್ಟುಬಿಟ್ಟರು. ನಾನು ಎಂಟು. "ಏ ಎಂಟು, ತಾಟು ತಗೊಂಡು ಬಾರವ್ವಾ" ಎಂದರೆ ಓಡುತ್ತಿದ್ದೆ.

ಒಂದು ಸಂಜೆ ಅತ್ತೆ ಸೀಮೆಸುಣ್ಣದಿಂದ ಕಲ್ಲಿನ ಮೇಲೆ ದೊಡ್ಡದಾಗಿ 12345679 ಎಂದು ಬರೆದು, "ಇದನ್ನ ಒಂಬತ್ತರಿಂದ ಗುಣಿಸ್ರಿ, ನೋಡೂಣು" ಎಂದರು. ದೊಡ್ಡ ವೆಂಕ್ಯಾ ಗುಣಿಸಿದ. ಒಂಬತ್ತು ಒಂದುಗಳು ಸಾಲಾಗಿ ಬಂದವು. ಅಬ್ಬಾ, ಏನು ಕುಣಿತ! ಎಲ್ಲರೂ ಅತ್ತೆ ಬರೆದ ಸಂಖ್ಯೆಯಲ್ಲಿ ತಮ್ಮ ತಮ್ಮ ಅಂಕಿಯ ಮೇಲೆ ಹೋಗಿ ನಿಂತರು. ನಾಲ್ಕು ವರ್ಷದ ಕಿರಿಯಳಿಗೂ ಕೊನೆಯಲ್ಲಿ ಜಾಗವಿತ್ತು. ನನಗಿರಲಿಲ್ಲ.

"ಎಂಟಕ್ಕ ಜಾಗಾನ ಇಲ್ಲ, ನೀ ಕೆಳಗ ಹೋಗು" ಎಂದು ಏಳನೆಯವನು ಹಲ್ಲು ಕಿಸಿದ.

ನನಗೆ ಸಿಟ್ಟು ನೆತ್ತಿಗೇರಿತು. ಸೀಮೆಸುಣ್ಣ ಕಸಿದುಕೊಂಡು ಏಳು, ಒಂಬತ್ತರ ನಡುವೆ ಎಂಟನ್ನು ತುರುಕಿದೆ. ದೊಡ್ಡ ವೆಂಕ್ಯಾ ಮತ್ತೆ ಗುಣಿಸಿದ: 1111111101. ಚೆಂದದ ಸಾಲಿನಲ್ಲಿ ಒಂದು ಸೊನ್ನೆ ಬಂದು ಕೂತಿತ್ತು.

"ನೋಡು, ನೀ ಬಂದು ಎಲ್ಲಾ ಕೆಡಿಸಿದಿ!" ಎಂದು ಏಳನೆಯವನು ಕೂಗಿದ.

ನೀರಿನ ಟಾಕಿಯ ಹಿಂದೆ ಹೋಗಿ ಬಿಕ್ಕಿಬಿಕ್ಕಿ ಅಳತೊಡಗಿದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು.

"ಯಾಕ ಅಳಾಕತ್ತೀ, ಎಂಟು?"

"ಎಲ್ಲಾರೂ ಅದಾರ ಅತ್ಯಾ, ನಾ ಒಬ್ಬಾಕಿನ ಇಲ್ಲ."

ಅತ್ತೆ ನಗಲಿಲ್ಲ. "ನಿನ್ನ ಅಂಕಿನ ಒಂಬತ್ತರಿಂದ ಗುಣಿಸು" ಎಂದರು.

"ಎಪ್ಪತ್ತೆರಡು."

"ಈಗ ಆ ಎಂಟಿಲ್ಲದ ಸಂಖ್ಯೆನ ಎಪ್ಪತ್ತೆರಡರಿಂದ ಗುಣಿಸು. ಸಾವಕಾಶ ಮಾಡು, ಗಡಬಡಿ ಬ್ಯಾಡ."

ಮತ್ತೆ ಆ ಸಂಖ್ಯೆಯ ಬಳಿ ಬಂದು ಮೊಣಕಾಲೂರಿ, ಮೂಗೊರೆಸಿಕೊಳ್ಳುತ್ತ ಗುಣಿಸಿದೆ. ಕೂಡಿಸುತ್ತ ಎಡಕ್ಕೆ ಸರಿದಂತೆ ಎಂಟು, ಮತ್ತೆ ಎಂಟು, ಇನ್ನೊಂದು ಎಂಟು. ಒಂಬತ್ತು ಎಂಟುಗಳು! ಸಂಜೆಯ ಮಬ್ಬಿನಲ್ಲಿ ಇಡೀ ಮಾಳಿಗೆ ನನ್ನನ್ನೇ ಕರೆಯುತ್ತಿರುವಂತೆ ಅನಿಸಿತು.

"ಹೊರಗ ನಿಂತಾಕಿ ಎಲ್ಲಾ ಕಡೆ ತುಂಬಕೊಂಡಾಳ ನೋಡ್ರಿ" ಎಂದರು ಅತ್ತೆ. ಏಳನೆಯವನು ತನ್ನ ಪಾಲಿನ ಚುರಮುರಿಯನ್ನು ನನ್ನ ತಾಟಿಗೆ ಸುರಿದ. ಅರವತ್ತಮೂರರಿಂದ ಗುಣಿಸಿದರೆ ಅವನಿಗೂ ಹಾಗೆಯೇ ಬರುತ್ತದೆಂದು ತಿಳಿದದ್ದು ಮರುದಿನ. ಆ ಸಂಜೆ ಮಾತ್ರ ನನ್ನೊಬ್ಬಳದೇ.

ಈಗ ಆ ಮಾಳಿಗೆಯಿಲ್ಲ. ಅಲ್ಲಿ ಐದಂತಸ್ತಿನ ಅಪಾರ್ಟ್‌ಮೆಂಟ್ ಎದ್ದಿದೆ. ನಾನೂ ಈಗ ಇರುವ ಇದೇ ಊರಿನ ಗಚ್ಚಿಬೌಲಿ ಬಡಾವಣೆಯಲ್ಲಿರುವ ಏಳನೆಯವನನ್ನು ಕಂಡು ಎರಡು ವರ್ಷವಾಯಿತು. ಅತ್ತೆ ಹೋದ ಮೇಲೆ ಎಲ್ಲರೂ ಒಟ್ಟಿಗೆ ಸೇರಿಯೇ ಇಲ್ಲ. ನೆನಪಾದಾಗ ಮೊಬೈಲಿನಲ್ಲಿ ಆ ಗುಣಾಕಾರ ಮಾಡುತ್ತೇನೆ. ಬೆರಳು ಒತ್ತುವಷ್ಟರಲ್ಲಿ ಒಂಬತ್ತು ಎಂಟುಗಳು ಬಂದು ನಿಲ್ಲುತ್ತವೆ, ಒಂದೂ ತಪ್ಪುವುದಿಲ್ಲ. ಆಫೀಸಿನಲ್ಲಿ ನಾನು ಮೇಡಂ, ಮನೆಯಲ್ಲಿ ಅಮ್ಮ. "ಏ ಎಂಟು, ಬಾರವ್ವಾ" ಎಂದು ಕರೆಯುವವರು ಮಾತ್ರ ಯಾರೂ ಉಳಿದಿಲ್ಲ.