ವಾಡೆ ಬಿಟ್ಟವರು ಕಡಲಿಗೆ ಹೋದ ದಿನ

ತಾರ್ನಾಕದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯವರು ಭಾನುವಾರ ಮೀನು ತರುತ್ತಾರೆ. ಲಿಫ್ಟಿನ ತುಂಬ ಅದರ ಹಸಿ ವಾಸನೆ. ಜೊತೆಗೆ ನಿಂತವರು ಮೂಗು ಮುಚ್ಚಿಕೊಳ್ಳುತ್ತಾರೆ. ಹುಟ್ಟಿದಾಗಿನಿಂದ ಮೀನು ಬಾಯಿಗಿಡದ ನಾನು ಮಾತ್ರ ಉಸಿರು ಎಳೆದುಕೊಂಡು ನಿಲ್ಲುತ್ತೇನೆ. ಆ ವಾಸನೆಯಲ್ಲಿ ಕಾಚಿಗೂಡದ ನಮ್ಮ ವಾಡೆಯಿದೆ, ಈರಣ್ಣನಿದ್ದಾನೆ, ಖಾಜಾ ಇದ್ದಾನೆ. ನನ್ನ ತಪ್ಪೂ ಇದೆ.

ಆ ವಾಡೆ ನಿಮ್ಮಲ್ಲಿ ಕೆಲವರು ಬೆಳೆದ ಮನೆಯಂಥದ್ದೇ. ಶಹಾಬಾದಿ ಕಲ್ಲಿನ ಒಂದು ಅಂಗಳ, ಒಂದು ನಲ್ಲಿ, ಸುತ್ತ ಬಾಡಿಗೆಯ ಕೋಣೆಗಳು. ಬೆಳಗಾದರೆ ಎಲ್ಲ ಬಾಗಿಲುಗಳಿಂದಲೂ ರೊಟ್ಟಿ ತಟ್ಟುವ ಸದ್ದು. ನಾನು ಮತ್ತು ಈರಣ್ಣ ಬೀದರ ಕಡೆಯ ಲಿಂಗಾಯತರ ಮಕ್ಕಳು. ಖಾಜಾ ಎದುರು ಕೋಣೆಯವನು. ಬಾಗಿಸಿದ ಗುಂಡುಸೂಜಿಗೆ ಜೋಳದ ಹಿಟ್ಟು ಮೆತ್ತಿ ಹುಸೇನಸಾಗರದ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದೆವು. ಹಿಡಿಯುವುದು ನಮ್ಮ ಪಾಲು, ತಿನ್ನುವುದು ಖಾಜಾನ ಪಾಲು. "ದೊಡ್ಡಾವ್ರಾದ ಮ್ಯಾಲ ಸಮುದ್ರಕ್ಕ ಹೋಗೂಣು. ಅಲ್ಲಿ ಮೀನ ನಮ್ಮಷ್ಟ ಉದ್ದ ಇರ್ತಾವಂತ" ಎಂದು ಈರಣ್ಣ ಹೇಳುತ್ತಿದ್ದ. ಮದುವೆಗಳಾದವು, ಮಕ್ಕಳಾದವು, ತಲೆ ನೆರೆಯಿತು. ಅದೇ ವಾಡೆಯಲ್ಲಿ ಉಳಿದೆವು. ಸಮುದ್ರಕ್ಕೆ ಮಾತ್ರ ಹೋಗಲಿಲ್ಲ.

ಮಾದಾಪುರದ ಕಡೆ ಗಾಜಿನ ಆಫೀಸುಗಳು ಎದ್ದ ಹಾಗೆ ನಮ್ಮ ಕಡೆಯ ಹಳೇ ನೆಲಕ್ಕೂ ಬೆಲೆ ಬಂತು. ಮಾಲೀಕ ವಾಡೆಯನ್ನು ಬಿಲ್ಡರಿಗೆ ಕೊಡಲು ಹೊರಟ. ಯಾರೂ ಒಬ್ಬೊಬ್ಬರೇ ಸಹಿ ಹಾಕಬಾರದು ಎಂದು ನಾವೆಲ್ಲ ಅಂಗಳದಲ್ಲಿ ನಿಂತು ಮಾತು ಕೊಟ್ಟುಕೊಂಡೆವು. ಮನೆಯೊಳಗೇ ನಲ್ಲಿ ಇರುವ ಫ್ಲ್ಯಾಟಿನ ಆಸೆಗೆ ಬಿದ್ದು, ಯಾರಿಗೂ ಹೇಳದೆ, ಮೊದಲು ಸಹಿ ಹಾಕಿದವನು ನಾನು. ಗೋಡೆಯಿಂದ ಒಂದು ಕಲ್ಲು ಕಿತ್ತಂತಾಯಿತು. ಉಳಿದವರು ನಿಲ್ಲಲಾಗದೆ ಒಬ್ಬೊಬ್ಬರೇ ಹೋದರು. ಈರಣ್ಣ ನನ್ನೊಡನೆ ಮಾತು ಬಿಟ್ಟ.

ನಮ್ಮ ವಾಡೆಯಲ್ಲಿ ಮಾತು ಬಿಡುವುದಕ್ಕೂ ಒಂದು ಪದ್ಧತಿಯಿತ್ತು. ಮುನಿದವರು ಒಂದೇ ಕಡೆ ಕೂರಬಹುದು, ಒಂದೇ ತಂಬಿಗೆಯ ನೀರು ಕುಡಿಯಬಹುದು. ಆದರೆ ಮಾತು ಮೂರನೆಯವರ ಮೂಲಕವೇ ಹೋಗಬೇಕು. ನಮ್ಮಿಬ್ಬರ ನಡುವಿನ ಆ ಮೂರನೆಯವನು ಖಾಜಾ. ಲಾರಿ ಓಡಿಸುತ್ತಿದ್ದ ಅವನಿಗೆ ವಿಶಾಖಪಟ್ಟಣದಲ್ಲಿ ಅಪ್ಪಲರಾಜು ಎಂಬ ಬೆಸ್ತನ ಪರಿಚಯವಿತ್ತು. ಸಮುದ್ರದ ಹಳೇ ಮಾತು ನೆನಪಿಸಿ ನಮ್ಮಿಬ್ಬರನ್ನೂ ಕರೆದುಕೊಂಡು ರೈಲು ಹತ್ತಿದ. ಈರಣ್ಣನ ಬಾಯಿಂದ ಒಮ್ಮೆ ನನ್ನ ಹೆಸರು ಕೇಳಬೇಕೆಂಬ ಒಂದೇ ಆಸೆಯಿಂದ ನಾನು ಹೊರಟೆ.

ಸಣ್ಣ ಮೋಟಾರು ದೋಣಿ. ದಡ ಗೆರೆಯಾಗಿ, ಆಮೇಲೆ ಕಾಣದಾಯಿತು. ನೀರು ಹಸಿರಿನಿಂದ ಮಸಿಗೆ ತಿರುಗಿತು. ಡೀಸೆಲ್, ಉಪ್ಪು, ಬಿಸಿಲಿಗೆ ಕಾದ ಹಲಗೆಯ ವಾಸನೆ. "ಖಾಜಾ, ಅವಂಗ ಆ ಕಡಿ ಸರಿ ಅನ್ನು, ದೋಣಿ ವಾಲಾಕತ್ತೈತಿ" ಎಂದ ಈರಣ್ಣ. "ಖಾಜಾ, ನಾ ಸರದೀನಿ ಅಂತ ಹೇಳು" ಎಂದೆ. ಖಾಜಾ ರೇಗಿದ. "ಅರೇ ಯಾರ್, ನಾನೇನ್ ನಿಮ್ಮ ಎಸ್‌ಟಿಡಿ ಬೂತ್ ಏನ್ರೋ?"

ಟವಲು ಸುತ್ತಿದ ಕೈಯಲ್ಲಿ ಗಾಳದ ದಾರ ಹಿಡಿದು ಕೂತಿದ್ದೆ. ಒಮ್ಮೆಲೇ ಯಾರೋ ರಟ್ಟೆ ಹಿಡಿದು ಸಮುದ್ರದೊಳಕ್ಕೆ ಜಗ್ಗಿದಂತಾಯಿತು. ದೂರದಲ್ಲಿ ನೀರು ಸೀಳಿ ಅದು ಮೇಲೆದ್ದಿತು: ಭರ್ಜಿಯಂಥ ಮೂತಿ, ಬೆನ್ನ ಮೇಲೆ ಛತ್ರಿ ಬಿಚ್ಚಿದಂಥ ನೀಲಿ ರೆಕ್ಕೆ. "ಕೊಮ್ಮು ಕೋನಂ!" ಎಂದು ಅಪ್ಪಲರಾಜು ತನ್ನ ತೆಲುಗಿನಲ್ಲಿ ಆ ಮೀನಿನ ಹೆಸರು ಕೂಗಿದ. "ಖಾಜಾ, ಅವಂಗ ಹೇಳು..." ಎಂದು ಈರಣ್ಣ ಚೀರಿದ. ಆದರೆ ಎಷ್ಟೋ ಘಾಟಿಗಳಲ್ಲಿ ಲಾರಿ ಓಡಿಸಿದ ಖಾಜಾ ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡಿಕೊಳ್ಳುತ್ತಿದ್ದ. ಹೇಳುವವರೇ ಇಲ್ಲ. ಮೀನು ಮತ್ತೆ ಹಾರಿತು, ದಾರ ಅಂಗೈ ಕೊಯ್ಯಿತು, ನನ್ನ ಬೆರಳು ಸಡಿಲವಾಗತೊಡಗಿದವು.

"ಶಂಕ್ರ್ಯಾ! ಬಿಡಬ್ಯಾಡಲೇ ಭಾಡ್ಯಾ! ಬಿಟ್ಟಿ ಅಂದ್ರ ನಿನ್ನ ಇಲ್ಲೇ ಮುಳಗಸ್ತೀನಿ!"

ಎಂಥ ಮಂತ್ರವೂ ಕಿವಿಗೆ ಅಷ್ಟು ಇಂಪಾಗಿರಲಾರದು. ಈರಣ್ಣ ಹಿಂದಿನಿಂದ ಬಂದು ನನ್ನ ಸೊಂಟ ಅವುಚಿ ಕೂತ. ಇಬ್ಬರೂ ಎಳೆದೆವು, ಬಿಟ್ಟೆವು, ಮತ್ತೆ ಎಳೆದೆವು. ಅವನು ಬೈಯುತ್ತಲೇ ಇದ್ದ, ನಾನು ನಗುತ್ತಲೇ ಇದ್ದೆ. ಹೊತ್ತು ನೆತ್ತಿ ದಾಟಿದ ಮೇಲೆ ಆ ಮೀನು ಹಲಗೆಗಳ ಮೇಲೆ ಬಿದ್ದಿತು. ಅದರ ಮೈಯ ನೀಲಿ ಬಣ್ಣ ನೋಡುತ್ತಿದ್ದಂತೆ ಆರಿತು. ಮೂವರೂ ಹುಡುಗರಂತೆ ಕೂಗಾಡಿದೆವು. ಜೀವ ತೆಗೆದ ಪಾಪಕ್ಕೆ ಈಗಲೂ ಕೈಮುಗಿಯುತ್ತೇನೆ. ಆ ಕೂಗಾಟಕ್ಕೆ ಮಾತ್ರ ಪಶ್ಚಾತ್ತಾಪ ಪಡಲು ಆಗಿಲ್ಲ.

ಮೀನನ್ನು ಅಪ್ಪಲರಾಜುವಿಗೇ ಬಿಟ್ಟು ಹಿಂತಿರುಗಿದೆವು. ಸಿಕಂದರಾಬಾದಿನಲ್ಲಿ ಇಳಿದಾಗ ಆಟೋದವನು ಎಲ್ಲಿಗೆ ಎಂದು ಕೇಳಿದ. ಮೂವರೂ ಒಟ್ಟಿಗೆ ಕಾಚಿಗೂಡ ಎಂದೆವು. ಅಲ್ಲಿ ನಮ್ಮ ಮನೆ ಇರಲಿಲ್ಲ ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಓಣಿಯ ತಿರುವಿನಲ್ಲಿ ಇಳಿದರೆ ವಾಡೆಯ ಜಾಗದಲ್ಲಿ ತಗಡಿನ ಬೇಲಿ, ಒಳಗೆ ಪಾಯದ ಗುಂಡಿ. ನಾನು ತಲೆ ತಗ್ಗಿಸಿದೆ. ಈರಣ್ಣ ಬೇಲಿಯ ಸಂದಿಯಿಂದ ಆ ಗುಂಡಿಯೊಳಗೆ ಇಣುಕಿದ. ಆಮೇಲೆ, ಗಾಯವಾದ ನನ್ನ ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಹೇಳಿದ. "ಮನಿ ಬಿಟ್ಟಿ ಮಗನ, ಮೀನ ಬಿಡ್ಲಿಲ್ಲ ನೋಡು."

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಖಾಜಾನ ಕಡೆ ತಿರುಗಿ, ಮೀನು ಎಷ್ಟು ಉದ್ದವಿತ್ತೆಂದು ಎರಡೂ ಕೈ ಚಾಚಿ ತೋರಿಸುತ್ತಿದ್ದ. ಖಾಜಾ ಅಷ್ಟಿರಲಿಲ್ಲ ಎಂದು ಜಗಳ ತೆಗೆದ. ನಾನೂ ಆ ಜಗಳಕ್ಕೆ ಸೇರಿಕೊಂಡೆ. ಹೇಳಬೇಕಾದ ಮಾತು ಉಳಿದೇ ಹೋಯಿತು.

ಈಗ ಅವರಿಬ್ಬರೂ ಇಲ್ಲ. ಆ ಮೀನು ಇಷ್ಟುದ್ದ ಇತ್ತು ಎಂದು ನಾನು ಕೈ ಚಾಚಿದರೆ, ಸುಳ್ಳು ಹೇಳಬೇಡ ಎನ್ನುವವರು ಈ ಊರಿನಲ್ಲಿ ಯಾರೂ ಉಳಿದಿಲ್ಲ.